ನೀಲಿ ಟೊಪ್ಪಿಗೆಯ ಖರ್ಚು

1956ನೆಯ ಇಸವಿಯ ನವೆಂಬರಿನಲ್ಲಿ ವಿಶ್ವಸಂಸ್ಥೆಯು ಈಜಿಪ್ಟಿಗೆ ತನ್ನ ಪಡೆಯನ್ನು ಅವಸರವಸರವಾಗಿ ಕಳುಹಿಸಬೇಕಾಗಿ ಬಂದಾಗ ಎದುರಾದ ತೊಡಕುಗಳಲ್ಲಿ ಟೊಪ್ಪಿಗೆಯ ತೊಡಕೂ ಒಂದು. ಹತ್ತು ದೇಶಗಳ ಸಿಪಾಯಿಗಳು ತಮ್ಮ ತಮ್ಮ ದೇಶದ ಸಮವಸ್ತ್ರದಲ್ಲಿಯೇ ಬಂದಿಳಿಯುವವರಿದ್ದರು. ಇವರು ಕಾದಲು ಬಂದವರಲ್ಲ, ಕಾದಾಟವನ್ನು ನಿಲ್ಲಿಸಲು ಬಂದವರು ಎಂಬುದು ದೂರದಿಂದ ನೋಡಿದವನಿಗೂ ತಿಳಿಯಬೇಕಾಗಿತ್ತು. ನೀಲಿ ಬಣ್ಣದ ಟೊಪ್ಪಿಗೆಗಳನ್ನು ಹೊಲಿಸೋಣವೆಂದರೆ ಅದಕ್ಕೆ ವಾರಗಟ್ಟಲೆ ಕಾಲ ಬೇಕು. ಕಡೆಗೆ ಯೂರೋಪಿನಲ್ಲಿ ದಾಸ್ತಾನಿದ್ದ ಅಮೆರಿಕನ್ ಶಿರಸ್ತ್ರಾಣಗಳ ಒಳಪದರಗಳಿಗೆ ನೀಲಿ ಬಣ್ಣ ಎರಚಿ ಕಳುಹಿಸಿಕೊಟ್ಟರು. ನೀಲಿ ಶಿರಸ್ತ್ರಾಣ ಹುಟ್ಟಿದ ಈ ಕಥೆಯನ್ನು ನೀವು ಕೇಳಿರಬಹುದು. ಆ ಬಣ್ಣದ ದುಡ್ಡನ್ನು ತೆತ್ತವರು ಯಾರು ಎಂಬ ಕಥೆಯನ್ನು ಹೇಳುವವರು ಕಡಿಮೆ. ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನು. ಲೆಕ್ಕಪತ್ರದ ಮಾತೆಂದು ಕೇಳುಗರು ಬೇಸರಪಡಬೇಕಾಗಿಲ್ಲ. ವಿಶ್ವಸಂಸ್ಥೆಯು ಮುರಿದುಬೀಳುವ ಅಂಚಿಗೆ ಬಂದು ನಿಂತದ್ದು ಯಾವುದೋ ಯುದ್ಧದಿಂದಲ್ಲ, ಈ ಲೆಕ್ಕಪತ್ರದಿಂದ.

'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂದು ನಮ್ಮಲ್ಲಿ ಆಡಿಕೊಳ್ಳುವುದುಂಟು. ಇಲ್ಲಿ ಅದು ತಿರುಗುಮುರುಗಾಯಿತು. ಕೂಸು ಹುಟ್ಟಿದ ಮೇಲೂ ಕುಲಾವಿಗೆ ಗತಿಯಿರಲಿಲ್ಲ. 1945ರ ಸನ್ನದಿನಲ್ಲಿ ಶಾಂತಿಪಾಲನೆ ಎಂಬ ಶಬ್ದವೇ ಇಲ್ಲ. ಸದಸ್ಯರಾಷ್ಟ್ರಗಳು ಭದ್ರತಾ ಮಂಡಲಿಯೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಸೈನ್ಯದ ಒಂದು ಪಾಲನ್ನು ಅದರ ವಶಕ್ಕೆ ಒಪ್ಪಿಸಬೇಕೆಂದು 43ನೆಯ ವಿಧಿ ಹೇಳುತ್ತದೆ. ಅಂಥ ಒಪ್ಪಂದ ಒಂದಾದರೂ ಆಗಲಿಲ್ಲ. 1956ರಲ್ಲಿ ಸೂಯೆಜ್ ಕಾಲುವೆಯ ನೆಪದಲ್ಲಿ ಇಸ್ರೇಲ್, ಬ್ರಿಟನ್, ಫ್ರಾನ್ಸುಗಳು ಈಜಿಪ್ಟಿನ ಮೇಲೆ ಏರಿಹೋದಾಗ ಭದ್ರತಾ ಮಂಡಲಿಯ ಕೈ ಕಟ್ಟಿಹೋಯಿತು, ಏಕೆಂದರೆ ಆಕ್ರಮಣಕಾರರಲ್ಲಿ ಇಬ್ಬರಿಗೆ ಅಲ್ಲಿ ನಿಷೇಧಾಧಿಕಾರವಿತ್ತು. ವಿಷಯ ಮಹಾಸಭೆಗೆ ಬಂದಿತು. ಕೆನಡದ ಲೆಸ್ಟರ್ ಪಿಯರ್ಸನ್ ಸೂಚಿಸಿದರು, ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಯೋಜನೆ ಹಾಕಿದರು, ಕೆಲವೇ ದಿನಗಳಲ್ಲಿ ಒಂದು ಪಡೆ ನಿಂತಿತು. ಭಾರತವೂ ಆ ಹತ್ತು ದೇಶಗಳಲ್ಲಿ ಒಂದು. ಮುಂದೆ ಜನರಲ್ ಗ್ಯಾನಿ, ಕಡೆಯಲ್ಲಿ ಮೇಜರ್ ಜನರಲ್ ಇಂದ್ರಜಿತ್ ರಿಖಿ, ಇಬ್ಬರು ಭಾರತೀಯರು ಗಾಜಾದಲ್ಲಿ ಆ ಪಡೆಯ ದಂಡನಾಯಕರಾದರು.

ಹ್ಯಾಮರ್‌ಶೋಲ್ಡರ ಮೊದಲ ಲೆಕ್ಕ ಸರಳವಾಗಿತ್ತು. ದಂಡು ಕಳುಹಿಸಿದ ದೇಶ ತನ್ನ ಸಿಪಾಯಿಗಳ ಸಂಬಳವನ್ನೂ ಸಲಕರಣೆಯನ್ನೂ ತಾನೇ ನೋಡಿಕೊಳ್ಳಬೇಕು. ಮಿಕ್ಕ ಖರ್ಚು ವಿಶ್ವಸಂಸ್ಥೆಯದು, ಆದರೆ ಅದರ ವಾಡಿಕೆಯ ಆಯವ್ಯಯದ ಹೊರಗೆ ಪ್ರತ್ಯೇಕ ಖಾತೆಯಲ್ಲಿ. ಆ ಖಾತೆಗೆ ಮೊದಲು ಗೊತ್ತುಮಾಡಿದ ಮೊತ್ತ 1 ಕೋಟಿ ಡಾಲರು. ಅದನ್ನು ಎಲ್ಲ ಸದಸ್ಯರಿಗೂ ಅವರವರ ವಾಡಿಕೆಯ ವಂತಿಗೆಯ ಪ್ರಮಾಣದಲ್ಲಿ ಹಂಚಲಾಯಿತು. ಹಂಚಿದ್ದೇ ತಡ, ತಕರಾರು ಹುಟ್ಟಿತು. ಹೊಡೆದವರು ದಂಡ ತೆರಲಿ, ಹೊಡೆಸಿಕೊಂಡವರೇಕೆ ತೆರಬೇಕು ಎಂದು ಅರಬ್ ರಾಷ್ಟ್ರಗಳೂ ಸೋವಿಯೆತ್ ಒಕ್ಕೂಟವೂ ಕೇಳಿದವು. ನಮ್ಮಂಥ ಬಡವರಿಗೂ ಅಮೆರಿಕಕ್ಕೂ ಒಂದೇ ಬಗೆಯ ಅಳತೆಯೆ ಎಂದು ಲ್ಯಾಟಿನ್ ಅಮೆರಿಕದ ದೇಶಗಳು ಕೇಳಿದವು. ಎರಡು ಪ್ರಶ್ನೆಗಳೂ ನ್ಯಾಯವಾದವೇ. ಉತ್ತರವನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡಿದರು.

ಇದೇ ಸೂಯೆಜಿನಲ್ಲಿ ಇನ್ನೊಂದು ಖರ್ಚಿತ್ತು. ಯುದ್ಧದಲ್ಲಿ ಮುಳುಗಿದ ಹಡಗುಗಳಿಂದ ಕಾಲುವೆ ಕಟ್ಟಿಹೋಗಿತ್ತು. ಅದನ್ನು ವಿಶ್ವಸಂಸ್ಥೆಯೇ ತೆರವು ಮಾಡಿಸಿತು. ಅದಕ್ಕೆ ತಂದ ಸಾಲವನ್ನು ತೀರಿಸಲು ಕಾಲುವೆಯಲ್ಲಿ ಹಾಯುವ ಹಡಗುಗಳ ಸುಂಕದ ಮೇಲೆ ಶೇಕಡಾ 3ರ ಮೇಲುಸುಂಕ ಹಾಕಿದರು. ಹಡಗಿನವರು ಗೊಣಗಿಕೊಂಡಾದರೂ ಕೊಟ್ಟರು. ಕಾಲುವೆಗೆ ಬಾಗಿಲಿದೆ, ಬಾಗಿಲಲ್ಲಿ ನಿಂತು ಸುಂಕ ಕೇಳಬಹುದು. ಶಾಂತಿಗೆ ಅಂಥ ಬಾಗಿಲಿಲ್ಲ. ಅದರ ಫಲವನ್ನು ಕೊಟ್ಟವನೂ ಉಣ್ಣುತ್ತಾನೆ, ಕೊಡದವನೂ ಉಣ್ಣುತ್ತಾನೆ. ತೊಡಕಿನ ಬೇರು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಗಾಜಾದ ಪಡೆಯ ಖರ್ಚು ಸಣ್ಣದು. ಬಾಕಿ ಬೆಳೆದರೂ ಹೇಗೋ ಸಾಗಿತು. ನಿಜವಾದ ಪೆಟ್ಟು ಬಿದ್ದದ್ದು ಕಾಂಗೋದಲ್ಲಿ.

1960ರ ಜೂನ್ 30ರಂದು ಬೆಲ್ಜಿಯಮ್ಮಿನ ಕೈಯಿಂದ ಕಾಂಗೋ ಬಿಡುಗಡೆ ಹೊಂದಿತು. ಒಂದು ವಾರ ಕಳೆಯುವಷ್ಟರಲ್ಲಿ ಅದರ ಸೈನ್ಯ ದಂಗೆಯೆದ್ದಿತು. ಬೆಲ್ಜಿಯನ್ ದಂಡು ಮರಳಿ ಇಳಿಯಿತು. ತಾಮ್ರದ ಗಣಿಗಳಿದ್ದ ಕಟಾಂಗ ಪ್ರಾಂತವು ಶೊಂಬೆಯ ನಾಯಕತ್ವದಲ್ಲಿ ತಾನು ಬೇರೆಯೆಂದು ಸಾರಿಕೊಂಡಿತು. ಪ್ರಧಾನಿ ಲುಮುಂಬ, ಅಧ್ಯಕ್ಷ ಕಸವುಬು ಇಬ್ಬರೂ ಮೊರೆಯಿಟ್ಟರು. ಜುಲೈ 14ರಂದು ಭದ್ರತಾ ಮಂಡಲಿ ಒಪ್ಪಿತು. ಮರುದಿನವೇ ಮೊದಲ ತುಕಡಿಗಳು ಇಳಿದವು. ಆ ಮೊದಲ ದಿನಗಳಲ್ಲಿ ದಂಡನ್ನು ಸಾಗಿಸಲು ಅಮೆರಿಕದಂತೆ ಸೋವಿಯೆತ್ ಒಕ್ಕೂಟವೂ ತನ್ನ ವಿಮಾನಗಳನ್ನು ಕೊಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಸೆಪ್ಟೆಂಬರಿನ ವೇಳೆಗೆ ಎಲ್ಲ ಬದಲಾಯಿತು. ಕಸವುಬು ಲುಮುಂಬನನ್ನು ವಜಾ ಮಾಡಿದನು. ವಿಶ್ವಸಂಸ್ಥೆಯ ಅಧಿಕಾರಿಗಳು ವಿಮಾನ ನಿಲ್ದಾಣಗಳನ್ನೂ ಬಾನುಲಿ ಕೇಂದ್ರವನ್ನೂ ಮುಚ್ಚಿಸಿದರು. ಅದರಿಂದ ಲುಮುಂಬನ ಕೈ ಕಟ್ಟಿದಂತಾಯಿತೆಂದು ಮಾಸ್ಕೋ ಸಿಡಿಯಿತು. 1961ರ ಜನವರಿಯಲ್ಲಿ ಲುಮುಂಬನ ಕೊಲೆಯಾಯಿತು. ಆಮೇಲೆ ಕಾಂಗೋದ ಲೆಕ್ಕಕ್ಕೆ ಕಾಸು ಕೊಡುವ ಮಾತೇ ಉಳಿಯಲಿಲ್ಲ.

ಖರ್ಚಾದರೋ ಬೆಟ್ಟದಂತೆ ಬೆಳೆಯಿತು. ಪಡೆಯ ಬಲ ಒಂದು ಹಂತದಲ್ಲಿ 20,000ಕ್ಕೆ ಸಮೀಪಿಸಿತು. ತಿಂಗಳಿಗೆ ಸುಮಾರು 1 ಕೋಟಿ ಡಾಲರು. ಆ ದಿನಗಳಲ್ಲಿ ವಿಶ್ವಸಂಸ್ಥೆಯ ವಾಡಿಕೆಯ ವಾರ್ಷಿಕ ಆಯವ್ಯಯ 7 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು ಎಂದರೆ, ಇಡೀ ಮನೆಯ ವರ್ಷದ ಖರ್ಚನ್ನು ಒಂದು ಕೋಣೆ ಏಳು ತಿಂಗಳಲ್ಲಿ ನುಂಗುತ್ತಿತ್ತು. ನಾಲ್ಕು ವರ್ಷಗಳಲ್ಲಿ ಒಟ್ಟು ಸುಮಾರು 40 ಕೋಟಿ ಡಾಲರು. ಜೀವಗಳ ಲೆಕ್ಕ ಬೇರೆ: 250 ಮಂದಿ ಅಲ್ಲಿ ಸತ್ತರು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ಲಿನಲ್ಲಿ ಗೂರ್ಖಾ ರೈಫಲ್ಸಿನ ಕ್ಯಾಪ್ಟನ್ ಗುರುಬಚನ ಸಿಂಗ್ ಸಲಾರಿಯಾ ಮಡಿದು ಪರಮವೀರಚಕ್ರ ಪಡೆದರು. ಅದಕ್ಕೆ ಮೊದಲೇ, ಸೆಪ್ಟೆಂಬರಿನಲ್ಲಿ, ಎನ್‌ಡೋಲಾದ ಬಳಿ ವಿಮಾನ ಬಿದ್ದು ಹ್ಯಾಮರ್‌ಶೋಲ್ಡ್ ತೀರಿಕೊಂಡಿದ್ದರು. ನಮ್ಮ ದೇಶವು ಆ ವರ್ಷ ಒಂದು ಇಡೀ ಬ್ರಿಗೇಡನ್ನೂ, ಕ್ಯಾನ್‌ಬೆರಾ ಬಾಂಬರ್ ವಿಮಾನಗಳನ್ನೂ ಕಾಂಗೋಕ್ಕೆ ಕಳುಹಿಸಿತ್ತು.

ಹಣ ಕೊಡಲೊಲ್ಲೆವೆಂದವರ ವಾದವನ್ನು ಬರಿಯ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಸೋವಿಯೆತ್ ವಾದ ಹೀಗಿತ್ತು: ಸೈನ್ಯಕ್ಕೆ ಸಂಬಂಧಿಸಿದ ಎಲ್ಲ ನಿರ್ಣಯವೂ, ಅದರ ಖರ್ಚಿನ ನಿರ್ಣಯವೂ, ಸನ್ನದಿನಂತೆ ಭದ್ರತಾ ಮಂಡಲಿಗೆ ಸೇರಿದ್ದು, ಮಹಾಸಭೆಯ ಬಹುಮತವು ನಮ್ಮ ಕಿಸೆಗೆ ಕೈಹಾಕಲಾಗದು. ಗಾಜಾದ ಹಣವನ್ನು ಆಕ್ರಮಣ ಮಾಡಿದವರೂ ಕಾಂಗೋದ ಹಣವನ್ನು ಬೆಲ್ಜಿಯಮ್ಮೂ ಕೊಡಲಿ ಎಂದೂ ಅದು ಸೇರಿಸಿತು. ಗಾಜಾದ ಖರ್ಚಿಗೆ ತನ್ನ ಪಾಲು ಕೊಟ್ಟಿದ್ದ ಫ್ರಾನ್ಸು ಕಾಂಗೋದ ಮಟ್ಟಿಗೆ ಕೊಡಲೊಪ್ಪಲಿಲ್ಲ. ಸಾರ್ವಭೌಮ ರಾಷ್ಟ್ರವೊಂದನ್ನು ಅದರ ಒಪ್ಪಿಗೆಯಿಲ್ಲದೆ ಇಂಥ ಹೊರೆಗೆ ಕಟ್ಟಲಾಗದು ಎಂಬುದು ಅದರ ನಿಲುವು. ಇದರಲ್ಲಿ ಹಣದ ಮಾತಿಗಿಂತ ಅಧಿಕಾರದ ಮಾತು ದೊಡ್ಡದು. ಮಹಾಸಭೆಯಲ್ಲಿ ಆಫ್ರಿಕ, ಏಷ್ಯಗಳ ಹೊಸ ರಾಷ್ಟ್ರಗಳು ವರ್ಷವರ್ಷವೂ ಸೇರುತ್ತಿದ್ದವು. ಅಲ್ಲಿಯ ಬಹುಮತ ಸೈನ್ಯವನ್ನೂ ಕಳುಹಿಸಬಲ್ಲುದು, ಅದಕ್ಕೆ ತೆರಿಗೆಯನ್ನೂ ಎತ್ತಬಲ್ಲುದು ಎಂದಾದರೆ ಹಿರಿಯ ಐವರ ಹಿರಿತನಕ್ಕೆ ಏನು ಉಳಿಯುತ್ತದೆ? ಅಮೆರಿಕವು ಆಗ ಮಹಾಸಭೆಯ ಪಕ್ಷ ಹಿಡಿದಿತ್ತು, ಏಕೆಂದರೆ ಆಗಿನ ಬಹುಮತ ಅದರ ಕಡೆಗಿತ್ತು. ನ್ಯಾಯಸೂತ್ರಗಳು ಹಲವು ಸಲ ಹೀಗೆಯೇ ಹುಟ್ಟುತ್ತವೆ.

1961ರ ಡಿಸೆಂಬರ್ 20ರಂದು ಮಹಾಸಭೆ ಎರಡು ಕೆಲಸ ಮಾಡಿತು. ಒಂದು, 20 ಕೋಟಿ ಡಾಲರಿನ ಸಾಲಪತ್ರಗಳನ್ನು ಹೊರಡಿಸಲು ಅನುಮತಿ ಕೊಟ್ಟಿತು. ಬಡ್ಡಿ ಶೇಕಡಾ 2. ತೀರಿಸುವ ಅವಧಿ 25 ವರ್ಷ. ರಾಷ್ಟ್ರಗಳ ಸಂಘವೊಂದು ಹೀಗೆ ಮನೆಮನೆಗೆ ಸಾಲಪತ್ರ ಹಿಡಿದು ಹೋದದ್ದನ್ನು ಓದಿದಾಗ, ಮಗಳ ಮದುವೆಗೆ ಚೀಟಿ ಎತ್ತಲು ಓಡಾಡುವ ಗೃಹಸ್ಥನ ನೆನಪಾಗುತ್ತದೆ. ಕೊಂಡವರು ಹಲವರು, ಅರ್ಧದಷ್ಟನ್ನು ಕೊಳ್ಳುವುದಾಗಿ ಅಮೆರಿಕವೇ ಮುಂದೆ ಬಂದಿತು. ಒಟ್ಟು ಸುಮಾರು 17 ಕೋಟಿ ಡಾಲರು ಕೂಡಿತು. ಈ ಏರ್ಪಾಡಿನಲ್ಲಿ ಒಂದು ಜಾಣತನವಿತ್ತು. ಸಾಲದ ಕಂತನ್ನೂ ಬಡ್ಡಿಯನ್ನೂ ವಾಡಿಕೆಯ ಆಯವ್ಯಯದಿಂದ ತೀರಿಸಬೇಕೆಂದು ಗೊತ್ತುಮಾಡಿದ್ದರು. ಅಂದರೆ ಕಾಂಗೋಕ್ಕೆ ಕೊಡೆನೆಂದವನು ವಾಡಿಕೆಯ ವಂತಿಗೆಯ ಮೂಲಕ, ತಿಳಿದೋ ತಿಳಿಯದೆಯೋ, ಕೊಟ್ಟಂತಾಗಬೇಕು. ಮಾಸ್ಕೋದವರು ಅಷ್ಟು ತಿಳಿಯದವರಲ್ಲ. ವಂತಿಗೆಯಲ್ಲಿ ಆ ಪಾಲನ್ನು ಮುರಿದುಕೊಂಡು ಮಿಕ್ಕುದನ್ನು ಮಾತ್ರ ಕಟ್ಟುವೆವೆಂದರು.

ಎರಡನೆಯ ಕೆಲಸ, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿದ್ದು. ಸಂಸ್ಥೆಯ ಖರ್ಚನ್ನು ಮಹಾಸಭೆ ಹಂಚಿದಂತೆ ಸದಸ್ಯರು ಹೊರಬೇಕೆಂದು ಸನ್ನದಿನ 17ನೆಯ ವಿಧಿ ಹೇಳುತ್ತದೆ. ಗಾಜಾ, ಕಾಂಗೋಗಳ ಖರ್ಚು 'ಸಂಸ್ಥೆಯ ಖರ್ಚು' ಹೌದೆ, ಅಲ್ಲವೆ? 1962ರ ಜುಲೈ 20ರಂದು ಹೌದೆಂದು ಒಂಬತ್ತು ಮಂದಿ ನ್ಯಾಯಾಧೀಶರೂ ಅಲ್ಲವೆಂದು ಐವರೂ ಹೇಳಿದರು. ಸಂಸ್ಥೆಯ ಉದ್ದೇಶಗಳನ್ನು ನೆರವೇರಿಸಲು ಮಾಡಿದ ಖರ್ಚೆಲ್ಲ ಸಂಸ್ಥೆಯ ಖರ್ಚೇ. ಶಾಂತಿಯ ಹೊಣೆ ಭದ್ರತಾ ಮಂಡಲಿಗೆ ಮೊದಲು ಸೇರಿದ್ದು ನಿಜ, ಆದರೆ ಅದೊಂದಕ್ಕೇ ಸೇರಿದ್ದಲ್ಲ ಎಂಬುದು ಬಹುಮತದ ತರ್ಕ. ಭಿನ್ನಮತ ಸೂಚಿಸಿದವರಲ್ಲಿ ಸೋವಿಯೆತ್ ಒಕ್ಕೂಟದ ಕೊರೆಟ್ಸ್ಕಿ, ಫ್ರಾನ್ಸಿನ ಬಾದೆವಾಂ ಇದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಪೆರು, ಅರ್ಜೆಂಟೀನಗಳ ನ್ಯಾಯಾಧೀಶರೂ ಇದ್ದರೆಂಬುದು ಗಮನಿಸತಕ್ಕದ್ದು. ನನಗೆ ಬಹುಮತದ ತರ್ಕವೇ ಗಟ್ಟಿಯೆಂದು ತೋರುತ್ತದೆ. ಆದರೆ ಅದು ತೀರ್ಪಲ್ಲ, ಸಲಹೆ. ಮಹಾಸಭೆ ಅದನ್ನು ಒಪ್ಪಿಕೊಂಡಿತು, ಬಾಕಿದಾರರು ಒಪ್ಪಲಿಲ್ಲ.

ಉಳಿದದ್ದು ಒಂದೇ ಅಸ್ತ್ರ, 19ನೆಯ ವಿಧಿ. ಎರಡು ಪೂರ್ಣ ವರ್ಷಗಳ ವಂತಿಗೆಯಷ್ಟು ಬಾಕಿ ನಿಲ್ಲಿಸಿಕೊಂಡ ಸದಸ್ಯನಿಗೆ ಮಹಾಸಭೆಯಲ್ಲಿ ಮತವಿಲ್ಲ. ಊರಹಬ್ಬಕ್ಕೆ ವಂತಿಗೆ ಕೊಡದವನಿಗೆ ಪಂಚಾಯತಿ ಕಟ್ಟೆಯ ಮೇಲೆ ಮಾತಿಲ್ಲ ಎಂಬ ಹಾಗೆ. 1963ರ ಮೇ ತಿಂಗಳ ವಿಶೇಷ ಅಧಿವೇಶನದ ಹೊತ್ತಿಗೆ ಹೈಟಿ ಎಂಬ ಪುಟ್ಟ ಬಡ ದೇಶ ಈ ಗೆರೆಯನ್ನು ದಾಟಿತ್ತು. ಅದರ ಪ್ರತಿನಿಧಿ ಮೊದಲ ದಿನ ಸಭೆಗೆ ಬರಲಿಲ್ಲ; ಬೇಗನೆ ಹಣ ಕಟ್ಟಿದರು. ಬಂದು ಮತ ಹಾಕಹೊರಟಿದ್ದರೆ ಮತವಿಲ್ಲವೆಂದು ಸಾರುತ್ತಿದ್ದೆನೆಂದು ಅಧ್ಯಕ್ಷ ಜಫರುಲ್ಲಾ ಖಾನರು ತಿಳಿಸಿದರು. ಹೈಟಿಗೆ ಸಲ್ಲುವ ವಿಧಿ ಸೋವಿಯೆತ್ ಒಕ್ಕೂಟಕ್ಕೂ ಸಲ್ಲುತ್ತದೆಯೆ? 1964ರಲ್ಲಿ ಅದರ ಬಾಕಿ 5 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು. ಮುಂದಿನ ಜನವರಿಗೆ ಫ್ರಾನ್ಸಿನ ಸರದಿ. ಮತ ಕಸಿದರೆ ನಾವು ಸಂಸ್ಥೆಯನ್ನೇ ಬಿಟ್ಟೇವೆಂಬ ಸೂಚನೆಗಳು ಮಾಸ್ಕೋದಿಂದ ಬಂದವು. ಕಸಿಯಲೇಬೇಕೆಂದು ವಾಷಿಂಗ್‌ಟನ್ ಪಟ್ಟು ಹಿಡಿಯಿತು.

ಮಹಾಸಭೆಯ ಹತ್ತೊಂಬತ್ತನೆಯ ಅಧಿವೇಶನ ತಡವಾಗಿ, ಡಿಸೆಂಬರ್ 1ರಂದು ಸೇರಿತು. ಘಾನದ ಅಲೆಕ್ಸ್ ಕ್ವೇಸನ್ ಸ್ಯಾಕಿ ಅಧ್ಯಕ್ಷರು. ಮತ ಹಾಕುವ ಪ್ರಸಂಗ ಬಂದೊಡನೆ ಯಾರಿಗೆ ಮತವಿದೆ ಎಂಬ ಪ್ರಶ್ನೆ ಏಳುತ್ತದೆ. ಆದುದರಿಂದ ಯಾವುದಕ್ಕೂ ಮತ ಹಾಕುವುದೇ ಬೇಡವೆಂದು ತೀರ್ಮಾನವಾಯಿತು. ನೂರಕ್ಕೆ ಮೀರಿದ ರಾಷ್ಟ್ರಗಳ ಸಭೆ ಮೂರು ತಿಂಗಳ ಕಾಲ ಕೈಯೆತ್ತದೆ ನಡೆಯಿತು. ಆಕ್ಷೇಪಣೆಯಿಲ್ಲವಷ್ಟೆ ಎಂದು ಅಧ್ಯಕ್ಷರು ಕೇಳುವರು, ಸಭೆ ಸುಮ್ಮನಿರುವುದು, ಆಯಿತೆಂದು ಅವರು ಸಾರುವರು. ಮಾಲ್ಟ, ಮಲಾವಿ, ಜಾಂಬಿಯಗಳು ಈ ಮೌನದ ಬಾಗಿಲಿನಿಂದಲೇ ಸದಸ್ಯರಾಗಿ ಒಳಗೆ ಬಂದವು. ಭದ್ರತಾ ಮಂಡಲಿಯ ತೆರವಾದ ಸ್ಥಾನಗಳನ್ನು ತುಂಬಬೇಕಾದಾಗ ಪ್ರತಿನಿಧಿಗಳು ಒಬ್ಬೊಬ್ಬರಾಗಿ ಅಧ್ಯಕ್ಷರ ಕೋಣೆಗೆ ಹೋಗಿ ತಮ್ಮ ಒಲವನ್ನು ತಿಳಿಸಿ ಬಂದರು. ಅದಕ್ಕೆ ಮತದಾನವೆಂದು ಹೆಸರಿಡಲಿಲ್ಲ, ಅಷ್ಟೆ, ಸಮಾಲೋಚನೆಯೆಂದು ಕರೆದರು. ಹಿರಿಯರಿಬ್ಬರ ಜಗಳದಲ್ಲಿ ಮನೆಮಂದಿಯೆಲ್ಲ ಪಿಸುಮಾತಿನಲ್ಲಿ ಸಂಸಾರ ಮಾಡಿದ ಹಾಗೆ.

ಈ ನಟನೆಗೆ ಕಲ್ಲು ಹಾಕಿದ್ದು ಪುಟ್ಟ ಅಲ್ಬೇನಿಯ. 1965ರ ಫೆಬ್ರುವರಿಯಲ್ಲಿ ಅದರ ಪ್ರತಿನಿಧಿ ಎದ್ದುನಿಂತು, ಮಾಮೂಲಿನಂತೆ ಮತದಾನ ನಡೆಯಲೇಬೇಕೆಂದು ಒತ್ತಾಯಪಡಿಸಿದನು. ಸಭೆ ಕಂಗೆಟ್ಟಿತು. ಕಡೆಗೆ ಮತದಾನವಿಲ್ಲದೆಯೇ ಮುಂದುವರಿಯಬೇಕೆಂಬುದನ್ನು ತೀರ್ಮಾನಿಸಲು ಮತದಾನ ನಡೆಯಿತು! ಅದು ಬರಿಯ ಕಾರ್ಯವಿಧಾನದ ಮಾತು, 19ನೆಯ ವಿಧಿ ಅಲ್ಲಿ ಹುಟ್ಟುವುದಿಲ್ಲ ಎಂದು ಅಮೆರಿಕವೂ ಕಣ್ಣುಮುಚ್ಚಿತು. ಪರವಾಗಿ 97, ವಿರೋಧವಾಗಿ 2. ಆಮೇಲೆ ಸಭೆಯನ್ನು ಮುಂದೂಡಿ ಎಲ್ಲರೂ ನಿಟ್ಟುಸಿರು ಬಿಟ್ಟರು.

ಆಗಸ್ಟ್ 16ರಂದು ಅಮೆರಿಕದ ಹೊಸ ಪ್ರತಿನಿಧಿ ಆರ್ಥರ್ ಗೋಲ್ಡ್‌ಬರ್ಗ್ ತಮ್ಮ ಸರ್ಕಾರ ಈ ವಿಷಯವನ್ನು ಇನ್ನು ಒತ್ತುವುದಿಲ್ಲವೆಂದು ತಿಳಿಸಿದರು. ಆದರೆ ಒಂದು ಮಾತು ಸೇರಿಸಿದರು: ಒಬ್ಬ ಸದಸ್ಯ ತನಗೆ ಬೇಡವಾದ ಕಾರ್ಯಕ್ಕೆ ಹಣ ಕೊಡದೆ ಉಳಿಯಬಹುದಾದರೆ, ಬಲವಾದ ಕಾರಣವಿದ್ದಾಗ ಅಮೆರಿಕವೂ ಹಾಗೆ ಮಾಡುವ ಹಕ್ಕನ್ನು ಕಾದಿರಿಸಿಕೊಳ್ಳುತ್ತದೆ. ಅಂದು ಪತ್ರಿಕೆಗಳು ಇದನ್ನು ಸೋವಿಯೆತ್ ಗೆಲುವೆಂದು ಕಂಡವು. ನನ್ನ ದೃಷ್ಟಿಯಲ್ಲಿ ಆ ದಿನದ ಮುಖ್ಯ ಸಂಗತಿ ಗೋಲ್ಡ್‌ಬರ್ಗರ ಆ ಎರಡನೆಯ ಮಾತು. ಮುಂದೆ 1980ರ ದಶಕದಿಂದೀಚೆಗೆ ವಿಶ್ವಸಂಸ್ಥೆಯ ಅತಿ ದೊಡ್ಡ ಬಾಕಿದಾರನಾದದ್ದು ಅಮೆರಿಕವೇ. ಇತ್ತ ಸೋವಿಯೆತ್ ಒಕ್ಕೂಟವು ಗೋರ್ಬಚೆವ್ ಕಾಲದಲ್ಲಿ, 1987ರಲ್ಲಿ, ತನ್ನ ಹಳೆಯ ಬಾಕಿ ತೀರಿಸುವುದಾಗಿ ಹೇಳಿತು.

ಈ ಜಗಳದ ನಡುವೆಯೇ, 1964ರ ಮಾರ್ಚಿನಲ್ಲಿ, ಸೈಪ್ರಸ್ ದ್ವೀಪಕ್ಕೆ ಒಂದು ಪಡೆ ಬೇಕಾಯಿತು. ಅಲ್ಲಿಯ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಹತ್ತಿತ್ತು. ಸದಸ್ಯರ ಮೇಲೆ ಹಂಚೋಣವೆಂದರೆ ಮತ್ತೆ ಅದೇ ರಾದ್ಧಾಂತ. ಹಿಂದಿನ ಎರಡು ವರ್ಷಗಳಲ್ಲಿ ಪಶ್ಚಿಮ ನ್ಯೂಗಿನಿಯ ಖರ್ಚನ್ನು ಹಾಲೆಂಡೂ ಇಂಡೊನೇಷ್ಯವೂ, ಯೆಮನ್ನಿನ ಖರ್ಚನ್ನು ಸೌದಿ ಅರೇಬಿಯವೂ ಈಜಿಪ್ಟೂ ಹಂಚಿಕೊಂಡಿದ್ದವು. ಸೈಪ್ರಸ್ಸಿನಲ್ಲಿ ಅದೂ ಸಾಧ್ಯವಿರಲಿಲ್ಲ. ದಂಡು ಕಳುಹಿಸಿದವರು, ಸೈಪ್ರಸ್ ಸರ್ಕಾರ, ಮನಸ್ಸು ಬಂದ ಇತರರು, ಇವರ ಕಾಣಿಕೆಯಿಂದಲೇ ಪಡೆ ನಡೆಯತಕ್ಕದ್ದೆಂದು ಭದ್ರತಾ ಮಂಡಲಿ ನಿರ್ಣಯಿಸಿತು. ಅವಧಿ ಮೂರು ತಿಂಗಳು. ಆ ತಿಂಗಳುಗಳನ್ನು ಬೆಳಸುತ್ತ ಹೋದರು. ಕಾಣಿಕೆಯ ಹುಂಡಿ ಎಂದೂ ತುಂಬಲಿಲ್ಲ. ಮಹಾಕಾರ್ಯದರ್ಶಿ ಊ ಥಾಂಟರ ವರದಿಗಳಲ್ಲಿ ಈ ಕೊರತೆಯ ಮಾತು ಮರಳಿ ಮರಳಿ ಬರುತ್ತದೆ.

ಈ ಪಡೆಯ ಎರಡನೆಯ ದಂಡನಾಯಕರು ನಮ್ಮ ಕೊಡಗಿನವರು, ಜನರಲ್ ಕೆ. ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಅವರು ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು; 1957ರಿಂದ 1961ರವರೆಗೆ ಭಾರತದ ಸೇನಾ ಮುಖ್ಯಸ್ಥರು. ನಿವೃತ್ತರಾಗಿ ಮನೆಯಲ್ಲಿರಬೇಕಾದವರು 1964ರ ಜುಲೈಯಲ್ಲಿ ಸೈಪ್ರಸ್ಸಿಗೆ ಹೋದರು. ಒಂದು ತಿಂಗಳು ತುಂಬಿತೋ ಇಲ್ಲವೋ, ಆಗಸ್ಟಿನಲ್ಲಿ ಕೊಕ್ಕಿನದ ಸುತ್ತಮುತ್ತ ಕಾಳಗ ಹತ್ತಿ ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಅವರ ಕೈಕೆಳಗೆ ಬ್ರಿಟನ್, ಕೆನಡ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡುಗಳ ಸುಮಾರು ಆರು ಸಾವಿರ ಮಂದಿ ಇದ್ದರು. ಭಾರತೀಯ ದಂಡು ಇರಲಿಲ್ಲ. ಮುಂದಿನ ಕೆಲವು ತಿಂಗಳಾಚೆಗೆ ತನ್ನ ಪಡೆ ಇರುತ್ತದೆಯೋ ಇಲ್ಲವೋ ಎಂಬುದು ಗೊತ್ತಿಲ್ಲದ ದಂಡನಾಯಕನು ಹಳ್ಳಿಹಳ್ಳಿಯ ನಡುವಣ ಮಾತುಕತೆಯನ್ನು ಯಾವ ಬಲದ ಮೇಲೆ ನಡೆಸಬೇಕು? ಬಂದೂಕಿಗಿಂತ ಮಾತಿಗೆ ಹೆಚ್ಚು ಕೆಲಸವಿದ್ದ ಆ ಹುದ್ದೆಯಲ್ಲಿ, ಹೇಳಿದ ಮಾತು ಆರು ತಿಂಗಳ ಮೇಲೂ ನಿಲ್ಲುತ್ತದೆಂಬ ಭರವಸೆಯೇ ಬಂಡವಾಳ. 1965ರ ಡಿಸೆಂಬರ್ 17ರಂದು ಭದ್ರತಾ ಮಂಡಲಿ ಪಡೆಯ ಅವಧಿಯನ್ನು ಇನ್ನೊಂದು ಮೂರು ತಿಂಗಳಿಗೆ ಬೆಳೆಸಿತು. ಮರುದಿನ, 18ರಂದು, ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಗಟ್ಟಿಯಾದ ಏರ್ಪಾಡೊಂದು ಬಂದದ್ದು 1973ರಲ್ಲಿ, ಅರಬ್ ಇಸ್ರೇಲಿ ಯುದ್ಧದ ಮೇಲೆ ಸಿನಾಯಿಗೆ ಮತ್ತೆ ಪಡೆ ಹೋದಾಗ. ಸದಸ್ಯರನ್ನು ನಾಲ್ಕು ಗುಂಪು ಮಾಡಿದರು. ಮುಂದುವರಿದ ದೇಶಗಳು ತಮ್ಮ ವಾಡಿಕೆಯ ಪಾಲನ್ನು ಪೂರ್ತಿ ಕೊಡಬೇಕು. ಹಿಂದುಳಿದವು ಅದರ ಐದರಲ್ಲೊಂದು. ಕಡುಬಡ ದೇಶಗಳು ಹತ್ತರಲ್ಲೊಂದು. ಹೀಗೆ ಬಿಟ್ಟುಕೊಟ್ಟದ್ದನ್ನೆಲ್ಲ ನಿಷೇಧಾಧಿಕಾರವುಳ್ಳ ಐವರು ತಮ್ಮ ಪಾಲಿನ ಮೇಲೆ ಹೊರಬೇಕು; ಅವರದು ಒಟ್ಟು ಶೇಕಡಾ 63ರಷ್ಟಾಯಿತು. ಲ್ಯಾಟಿನ್ ಅಮೆರಿಕದವರು 1956ರಲ್ಲಿ ಕೇಳಿದ ಪ್ರಶ್ನೆಗೆ ಹದಿನೇಳು ವರ್ಷಗಳ ಮೇಲೆ ಉತ್ತರ ಸಿಕ್ಕಿತು. 2001ರಿಂದ ಗುಂಪುಗಳು ಹತ್ತಾಗಿವೆ, ತಿರುಳು ಅದೇ. ಸಿಪಾಯಿಯನ್ನು ಕೊಟ್ಟ ದೇಶಕ್ಕೆ ತಲೆಗೆ ಇಷ್ಟೆಂದು ಮರಳಿ ಕೊಡುವ ಪದ್ಧತಿಯೂ ಅದೇ ಕಾಲದ್ದು: ಮೊದಲು ತಿಂಗಳಿಗೆ 500 ಡಾಲರು, 2002ರಲ್ಲಿ 1,028, 2018ರಲ್ಲಿ 1,428. ಸಿಪಾಯಿ ಯಾವ ದೇಶದವನಾದರೂ ದರ ಒಂದೇ. ಸ್ವೀಡನ್ನಿಗೆ ಅದು ಸಾಲದು. ಬಡ ದೇಶಕ್ಕೆ ಅದು ಗಿಟ್ಟುತ್ತದೆ, ಬಂದರೆ.

ಆ 'ಬಂದರೆ' ಎಂಬುದರ ಮೇಲೆಯೇ ಇಂದಿಗೂ ಎಲ್ಲ ನಿಂತಿದೆ. ದೊಡ್ಡವರು ವಂತಿಗೆ ತಡಮಾಡಿದಾಗ ವಿಶ್ವಸಂಸ್ಥೆಯು ಸಾಲ ತರುವಂತಿಲ್ಲ. ದಂಡು ಕೊಟ್ಟ ದೇಶಗಳಿಗೆ ಸಲ್ಲಬೇಕಾದುದನ್ನು ತಡೆಹಿಡಿಯುತ್ತದೆ. ಭಾರತ, ಬಾಂಗ್ಲಾದೇಶ, ನೇಪಾಳ, ರುವಾಂಡಗಳು ಹೀಗೆ ತಮಗೆ ಅರಿವಿಲ್ಲದೆಯೇ ಜಗತ್ತಿನ ಹಿರಿಯ ರಾಷ್ಟ್ರಗಳಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಸಾಹುಕಾರರಾಗಿವೆ. 1956ರಿಂದೀಚೆಗೆ ಭಾರತವೊಂದೇ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಇಂಥ ಪಡೆಗಳಿಗೆ ಕೊಟ್ಟಿದೆ. 2025ರ ಅಕ್ಟೋಬರಿನಲ್ಲಿ ಹಣ ಸಾಲದೆ ಒಂಬತ್ತು ಕಾರ್ಯಾಚರಣೆಗಳಿಂದ ಶಾಂತಿಪಾಲಕರಲ್ಲಿ ಕಾಲುಭಾಗದಷ್ಟು ಮಂದಿಯನ್ನು ಹಿಂದಕ್ಕೆ ಕರೆಸಬೇಕಾಗಿದೆಯೆಂದು ವಿಶ್ವಸಂಸ್ಥೆ ತಿಳಿಸಿತು.

ಸೈಪ್ರಸ್ಸಿನ ಹುಂಡಿಯ ಕಥೆ ಇಷ್ಟು: ದಂಡು ಕೊಟ್ಟ ದೇಶಗಳಿಗೆ ಹತ್ತು ವರ್ಷಕ್ಕೂ ಹಿಂದಿನ ಹಣ ಬಾಕಿಯಾಯಿತು. ಸ್ವೀಡನ್ ಬೇಸತ್ತು ತನ್ನವರನ್ನು ಕರೆಸಿಕೊಂಡಿತು, ಆಮೇಲೆ ಡೆನ್ಮಾರ್ಕ್, ಆಮೇಲೆ ಕೆನಡ. 1993ರ ಮೇ ತಿಂಗಳಲ್ಲಿ, ಪಡೆ ಹೋಗಿ ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ಕಾಣಿಕೆಯಿಂದ ಸಾಲದ ಭಾಗವನ್ನು ಎಲ್ಲ ಸದಸ್ಯರಿಗೂ ಹಂಚಬೇಕೆಂದು ಭದ್ರತಾ ಮಂಡಲಿ ಒಪ್ಪಿತು. ಅಂದಿನಿಂದ ಖರ್ಚಿನ ಮೂರರಲ್ಲೊಂದು ಪಾಲನ್ನು ಸೈಪ್ರಸ್ ಸರ್ಕಾರವೇ ಕೊಡುತ್ತಿದೆ. ಗ್ರೀಸ್ ವರ್ಷಕ್ಕೆ 65 ಲಕ್ಷ ಡಾಲರು ಕೊಡುತ್ತದೆ. ಮೂರು ತಿಂಗಳಿಗೆಂದು ಹೋದ ಆ ಪಡೆ ಇನ್ನೂ ಅಲ್ಲಿದೆ.